ಓದುಗರ ಪ್ರಶ್ನೆಗಳು: ಅಂಗಡಿ, ಆಫೀಸು, ಹೋಟೆಲಿನ ಫೈರ್ ಅಲಾರಂ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನ ವ್ಯಾಪಾರಿಗಳದ್ದು. ಅಲಾರಂ ಹಾಕಿಸಿದ್ದೇವೆ, ದುಡ್ಡೂ ಕೊಟ್ಟಿದ್ದೇವೆ, ಆದರೆ ಅದನ್ನು ನಂಬಬಹುದೇ ಎಂಬುದೇ ಬಹುತೇಕ ಎಲ್ಲರ ಅನುಮಾನ. ಉತ್ತರಗಳಿಗೆ ಆಧಾರ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ, ಅಂದರೆ ಎಲ್ಲರೂ ಎನ್‌ಬಿಸಿ ಎನ್ನುವುದು, ಮತ್ತು ಅಲಾರಂ ಅಳವಡಿಕೆ, ನಿರ್ವಹಣೆಗೆಂದೇ ಇರುವ ಐಎಸ್ 2189 ಮಾನಕ.

ಚಿಕ್ಕಪೇಟೆಯಲ್ಲಿ 400 ಚದರಡಿಯ ಸೀರೆ ಅಂಗಡಿ, ಮೇಲೆ ಅಟ್ಟದಲ್ಲಿ ಸ್ಟಾಕು. ಅಲಾರಂ ನಡೆಸುವ ಚಿಕ್ಕ ಫೈರ್ ಪ್ಯಾನೆಲ್ ಹಾಕಿಸಿ ಎರಡು ವರ್ಷ ಆಯಿತು, ಅಷ್ಟರಲ್ಲೇ ಎರಡು ಸಲ ಬ್ಯಾಟರಿ ಹೋಯಿತು. ಶಾರ್ಟ್ ಸರ್ಕ್ಯೂಟ್ ಭಯಕ್ಕೆ ರಾತ್ರಿ ಮೇನ್ ಆಫ್ ಮಾಡಿಯೇ ಮನೆಗೆ ಹೋಗುತ್ತೇವೆ. ಬ್ಯಾಟರಿ ಕಳಪೆಯೇ?

ಬ್ಯಾಟರಿಯದ್ದು ತಪ್ಪಿಲ್ಲ. ನೀವು ಮೇನ್ ಆಫ್ ಮಾಡಿದಾಗ ಪ್ಯಾನೆಲ್ಲಿನ ಕರೆಂಟೂ ಹೋಗುತ್ತದೆ. ಆಮೇಲೆ ಬೆಳಗಿನವರೆಗೆ ಅದು ಬದುಕುವುದು ಒಳಗಿನ ಎರಡು 12 ವೋಲ್ಟ್ ಬ್ಯಾಟರಿಗಳ ಮೇಲೆ. ರಾತ್ರಿ 9.30ಕ್ಕೆ ಶಟರ್ ಎಳೆದು ಬೆಳಿಗ್ಗೆ 10.30ಕ್ಕೆ ತೆಗೆದರೆ ದಿನಾ 13 ಗಂಟೆ. ಭಾನುವಾರ ರಜೆಯಾದರೆ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಒಟ್ಟು 37 ಗಂಟೆ. ಈ ಬ್ಯಾಟರಿಗಳನ್ನು ಸಾಮಾನ್ಯವಾಗಿ 24 ಗಂಟೆ ಕಾವಲು, ನಂತರ ಅರ್ಧ ಗಂಟೆ ಹೂಟರ್, ಅಂದರೆ ಸೈರನ್, ಎಂಬ ಲೆಕ್ಕದಲ್ಲಿ ಕೂರಿಸಿರುತ್ತಾರೆ. ಹಾಗಾಗಿ ಭಾನುವಾರ ರಾತ್ರಿ ನಿಮ್ಮ ಅಂಗಡಿಗೆ ಅಲಾರಂ ಇರುತ್ತದೆಂಬ ಭರವಸೆಯೇ ಇಲ್ಲ. ವಾರವಾರವೂ ಪೂರ್ತಿ ಬರಿದಾಗುವ ಸೀಸ-ಆಮ್ಲದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಮೂರು ನಾಲ್ಕು ವರ್ಷ ಬರಬೇಕಾದದ್ದು ಒಂದೇ ವರ್ಷಕ್ಕೆ ಸಾಯುತ್ತದೆ.

ಪರಿಹಾರಕ್ಕೆ ಖರ್ಚು ಕಡಿಮೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮೀಟರಿನ ನಂತರ, ಅಂಗಡಿಯ ಮೇನ್ ಸ್ವಿಚ್ಚಿಗೆ ಮುಂಚೆ, ಪ್ಯಾನೆಲ್ಲಿಗೇ ಮೀಸಲಾದ 6 ಆಂಪಿಯರ್ ಎಂಸಿಬಿ ಹಾಕಿಸಿ. ಅದಕ್ಕೆ ಕೆಂಪು ಪಟ್ಟಿ ಅಂಟಿಸಿ ‘ಫೈರ್ ಅಲಾರಂ – ಆಫ್ ಮಾಡಬೇಡಿ’ ಎಂದು ಕನ್ನಡದಲ್ಲೇ ಬರೆಸಿ. ಉಳಿದ ಅಂಗಡಿಯನ್ನು ರಾತ್ರಿ ಆಫ್ ಮಾಡುವ ನಿಮ್ಮ ಅಭ್ಯಾಸ ಒಳ್ಳೆಯದು, ಬಿಡಬೇಡಿ.

ಬ್ಯಾಟರಿ ಲೆಕ್ಕವನ್ನು ನೀವೇ ಹಾಕಬಹುದು. ನಿಮ್ಮಂಥ ಚಿಕ್ಕ ಪ್ಯಾನೆಲ್ ಸುಮ್ಮನಿರುವಾಗ 0.15 ಆಂಪಿಯರ್, ಹೂಟರ್ ಕೂಗುವಾಗ 0.8 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 0.15 ಗುಣಿಸು 24 ಎಂದರೆ 3.6. ಅರ್ಧ ಗಂಟೆಯ ಹೂಟರಿಗೆ 0.4. ಒಟ್ಟು 4. ಹಳತಾಗುತ್ತಾ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಕಾಲು ಭಾಗ ಸೇರಿಸಿದರೆ 5 ಆಂಪಿಯರ್-ಅವರ್. ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ 7. ದೊಡ್ಡ ಬ್ಯಾಟರಿ ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಪ್ಯಾನೆಲ್ಲಿನ ಚಾರ್ಜರ್ ಎಷ್ಟು ಆಂಪಿಯರ್-ಅವರ್‌ವರೆಗೆ ತುಂಬಬಲ್ಲದು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಿದರೆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಎರಡು ಬ್ಯಾಟರಿಗಳನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು ಒಂದು ಹಳೆಯದು ಸರಣಿಯಲ್ಲಿದ್ದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಹಾಕಿದ ತಿಂಗಳು, ವರ್ಷವನ್ನು ಬ್ಯಾಟರಿಯ ಮೇಲೇ ಮಾರ್ಕರಿನಲ್ಲಿ ಬರೆದಿಡಿ.

ನೀವು ಕೇಳದ ಎರಡು ಮಾತು. ಅಟ್ಟಕ್ಕೆ ಹೊಗೆ ಗುರುತಿಸುವ ಬೇರೆಯೇ ಡಿಟೆಕ್ಟರ್ ಬೇಕು, ಮತ್ತು ಅದರ ಸುತ್ತ, ಕೆಳಗೆ ಅರ್ಧ ಮೀಟರ್ ಖಾಲಿ ಇರಬೇಕು. ಸೀರೆಯ ಬಂಡಲು ಸೂರಿಗೆ ತಾಗುವಂತೆ ಪೇರಿಸಿದರೆ ಹೊಗೆ ಅದರ ಬಳಿ ಹೋಗುವುದೇ ಇಲ್ಲ. ಇನ್ನು, ಮುಚ್ಚಿದ ಶಟರಿನೊಳಗೆ ಕೂಗುವ ಹೂಟರ್ ಯಾರಿಗೆ ಕೇಳಬೇಕು? ಒಂದನ್ನು ಹೊರಗೆ, ಕೈಗೆಟುಕದ ಎತ್ತರದಲ್ಲಿ ಹಾಕಿಸಿ. ಮೂರು ನಾಲ್ಕು ನಂಬರಿಗೆ ತಾನೇ ಕರೆ ಮಾಡುವ ಜಿಎಸ್‌ಎಂ ಡಯಲರ್ ಜೋಡಿಸಿ. ಅದರ ಸಿಮ್‌ನ ರೀಚಾರ್ಜ್ ಮುಗಿದಿರುವುದು ಬಹಳ ಕಡೆ ಕಂಡುಬರುವ ದೋಷ, ಆದ್ದರಿಂದ ತಿಂಗಳಿಗೊಮ್ಮೆ ಕರೆ ಬರುತ್ತದೆಯೇ ಎಂದು ಪರೀಕ್ಷಿಸಿ.

ಎಚ್‌ಎಸ್‌ಆರ್ ಲೇಔಟಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ 5,000 ಚದರಡಿ ಬಾಡಿಗೆಗೆ ಹಿಡಿದಿದ್ದೇವೆ, 60 ಜನ ಕೆಲಸಗಾರರು. ಓನರ್ ‘ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆ, ಡಿಟೆಕ್ಟರ್ ಹಾಕಿದೆ, ನಿಮಗೆ ಬೇರೆ ಬೇಡ’ ಎನ್ನುತ್ತಾರೆ. ನಾವು ಒಳಗೆ ಎಂಟು ಕ್ಯಾಬಿನ್ ಕಟ್ಟಿಸಿದ್ದೇವೆ.

ಓನರ್ ಹಾಕಿಸಿದ್ದು ಖಾಲಿ ಹಾಲ್‌ಗೆ. ನೀವು ಕ್ಯಾಬಿನ್ ಕಟ್ಟಿದ ದಿನವೇ ಆ ನಕ್ಷೆ ಹಳತಾಯಿತು.

ಲೆಕ್ಕ ಹೀಗಿದೆ. ಸಮತಟ್ಟಾದ ಸೂರಿನಡಿ ಯಾವ ಮೂಲೆಯಲ್ಲಿ ನಿಂತರೂ ಹತ್ತಿರದ ಹೊಗೆ ಡಿಟೆಕ್ಟರ್ 7.5 ಮೀಟರ್ ಒಳಗೆ ಇರಬೇಕು. ಶಾಖದ ಡಿಟೆಕ್ಟರ್ ಆದರೆ 5.3 ಮೀಟರ್. ಚೌಕಾಕಾರದಲ್ಲಿ ಜೋಡಿಸಿದಾಗ ಹೊಗೆಯವುಗಳ ನಡುವೆ ಸುಮಾರು 10.6 ಮೀಟರ್, ಶಾಖದವುಗಳ ನಡುವೆ ಸುಮಾರು 7.5 ಮೀಟರ್ ಅಂತರ ಬರುತ್ತದೆ. ನಿಮ್ಮ 5,000 ಚದರಡಿ ಎಂದರೆ ಸುಮಾರು 465 ಚದರ ಮೀಟರ್. ತೆರೆದ ಹಾಲ್ ಆಗಿದ್ದರೆ ಐದಾರು ಡಿಟೆಕ್ಟರ್ ಸಾಕಾಗುತ್ತಿತ್ತು. ಆದರೆ ಸೂರಿನವರೆಗೆ, ಅಥವಾ ಸೂರಿಗೆ 30 ಸೆಂಟಿಮೀಟರಿಗಿಂತ ಹತ್ತಿರದವರೆಗೆ ಎದ್ದ ಯಾವ ಪಾರ್ಟಿಶನ್ನನ್ನೂ ಗೋಡೆಯೆಂದೇ ಎಣಿಸಬೇಕು, ಅದು ಗಾಜಿನದಾದರೂ ಸರಿ. ಆದ್ದರಿಂದ ಎಂಟು ಕ್ಯಾಬಿನ್‌ಗೆ ಎಂಟು, ಯುಪಿಎಸ್ ಕೋಣೆಗೊಂದು, ಸರ್ವರ್ ಕೋಣೆಗೊಂದು, ಪ್ಯಾಂಟ್ರಿಗೆ ಶಾಖದ್ದೊಂದು, ಹೊರಗಿನ ಹಾಲ್‌ಗೆ ಬೇರೆ. ಯುಪಿಎಸ್ ಕೋಣೆಯನ್ನು ಮರೆಯುವವರು ಬಹಳ, ಬೆಂಕಿ ಶುರುವಾಗುವ ಸಂಭವ ಹೆಚ್ಚಿರುವುದೂ ಅಲ್ಲೇ.

ಎಸಿ ಗಾಳಿ ಬರುವ ಜಾಲರಿಯಿಂದ ಡಿಟೆಕ್ಟರ್ ಕನಿಷ್ಠ 1 ಮೀಟರ್, ಗೋಡೆಯಿಂದ ಅರ್ಧ ಮೀಟರ್ ದೂರವಿರಲಿ. ಜಾಲರಿಯ ಪಕ್ಕವೇ ಕೂರಿಸಿದರೆ ತಂಪು ಗಾಳಿ ಹೊಗೆಯನ್ನು ತಳ್ಳಿಬಿಡುತ್ತದೆ. ಇಂಟೀರಿಯರ್‌ನವರು ಚಂದಕ್ಕಾಗಿ ಎರಡನ್ನೂ ಒಂದೇ ಟೈಲಿನಲ್ಲಿ ಜೋಡಿಸುವುದುಂಟು, ಒಪ್ಪಬೇಡಿ. ಫಾಲ್ಸ್ ಸೀಲಿಂಗ್ ಮೇಲಿನ ಪೊಳ್ಳು 80 ಸೆಂಟಿಮೀಟರ್ ಮೀರಿದ್ದರೆ ಅದರೊಳಗೂ ಡಿಟೆಕ್ಟರ್ ಬೇಕು, ಅದು ಎಚ್ಚರಿಸಿದ್ದು ಕೆಳಗಿನವರಿಗೆ ಕಾಣಲು ಪುಟ್ಟ ಕೆಂಪು ದೀಪವನ್ನು ಸೀಲಿಂಗಿನ ಕೆಳಗೆ ಹಾಕಬೇಕು. ಗಾಜು ಒಡೆದು ಅಲಾರಂ ಕೂಗಿಸುವ ಕೆಂಪು ಡಬ್ಬಿಗಳು ಮಹಡಿಯ ಯಾವ ಜಾಗದಿಂದಲೂ 22.5 ಮೀಟರಿಗಿಂತ ಹೆಚ್ಚು ನಡೆಯದೆ ಸಿಗುವಂತಿರಬೇಕು. ಮೆಟ್ಟಿಲ ಬಾಗಿಲ ಪಕ್ಕವೇ ಸರಿಯಾದ ಜಾಗ, ಏಕೆಂದರೆ ಹೊರಗೋಡುವ ದಾರಿಯಲ್ಲೇ ಒತ್ತಿ ಹೋಗಬಹುದು.

ನಿಮ್ಮದೇ ಪ್ಯಾನೆಲ್ ಹಾಕಿಸಿದರೆ ಅದು ಕಟ್ಟಡದ ಮುಖ್ಯ ಪ್ಯಾನೆಲ್ಲಿಗೆ ಸೇರಲೇಬೇಕು. ಸಂಕೇತ ಮುಟ್ಟಿಸುವ ಮಾನಿಟರ್ ಮಾಡ್ಯೂಲ್ ಒಂದರ ಮೂಲಕ ‘ಮೂರನೇ ಮಹಡಿ ಬೆಂಕಿ’ ಎಂದು ಕೆಳಗೆ ತೋರಿಸಬೇಕು, ಹಾಗೆಯೇ ಕಟ್ಟಡದ ಅಲಾರಂ ಬಂದಾಗ ನಿಮ್ಮ ಮಹಡಿಯಲ್ಲೂ ಕೂಗಬೇಕು. ಈ ಎರಡನೆಯ ಅರ್ಧ ಬಹಳ ಕಡೆ ಇರುವುದಿಲ್ಲ. ಒಂದನೇ ಮಹಡಿಯಲ್ಲಿ ಬೆಂಕಿ ಬಿದ್ದರೆ ಮೂರನೆಯವರಿಗೆ ಹೊಗೆ ಬಂದ ಮೇಲೆ ಗೊತ್ತಾಗುತ್ತದೆ. ಓಲ್ಡ್ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತರು. ಹೊಗೆ ತುಂಬಿದ ಮೇಲಿನ ಮಹಡಿಗಳಿಂದ ಜನ ಕಿಟಕಿ ಒಡೆದು ಕೆಳಗೆ ಜಿಗಿದರು. ಮೇಲಿನವರಿಗೆ ಬೇಕಾದದ್ದು ಜ್ವಾಲೆ ಕಾಣುವ ಮುಂಚಿನ ಆ ಕೆಲವು ನಿಮಿಷ. ತಂತಿಗಳು ಮೇಲೇರುವ ಎಲೆಕ್ಟ್ರಿಕಲ್ ಡಕ್ಟ್ ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿದೆಯೇ ಎಂಬುದನ್ನೂ ಓನರ್ ಜೊತೆ ನಿಂತು ನೋಡಿ.

ಎನ್‌ಒಸಿಯ ಮಾತು: ಅದು ಅಗ್ನಿಶಾಮಕ ಇಲಾಖೆ ನೋಡಿದ ನಕ್ಷೆಗೆ ಕೊಟ್ಟದ್ದು. ಒಳಗಿನ ವಿನ್ಯಾಸ ಬದಲಾದರೆ ಬದಲಾದ ನಕ್ಷೆಯನ್ನು ಓನರ್ ಮೂಲಕ ಇಲಾಖೆಗೆ ತಿಳಿಸಿ. ಬಾಡಿಗೆ ಕರಾರಿನಲ್ಲಿ ಯಾವ ಡಿಟೆಕ್ಟರ್ ಯಾರ ಹೊಣೆ ಎಂದು ಒಂದು ಸಾಲು ಇರಲಿ.

ನಮ್ಮ ಆಫೀಸಿನ ಬಾಗಿಲು ಕಾರ್ಡ್ ತೋರಿಸಿದರೆ ತೆರೆಯುವಂಥದ್ದು. ಅಲಾರಂ ಬಂದಾಗ ತಾನಾಗಿ ತೆರೆಯುತ್ತದೆ ಎಂದು ವೆಂಡರ್ ಹೇಳಿದ್ದಾರೆ. ಪರೀಕ್ಷಿಸುವುದು ಹೇಗೆ?

ಎಲ್ಲ ಪ್ರಶ್ನೆಗಳಲ್ಲೂ ನಮಗೆ ಬಹಳ ಮುಖ್ಯವೆನಿಸಿದ್ದು ಇದು. ಕಾಂತದ ಬೀಗ ಹಿಡಿದಿರುವುದು ಕರೆಂಟಿನಿಂದ, ಕರೆಂಟ್ ಹೋದರೆ ಬಿಡುತ್ತದೆ. ಅದನ್ನು ಬಿಡಿಸಲು ಸರಿಯಾದ ದಾರಿ ಒಂದೇ: ಬೀಗದ ವಿದ್ಯುತ್ ತಂತಿಯೇ ಫೈರ್ ಪ್ಯಾನೆಲ್ಲಿನ ರಿಲೇ, ಅಂದರೆ ತಾನೇ ಕೆಲಸ ಮಾಡುವ ಸ್ವಿಚ್ಚಿನ, ಮೂಲಕ ಹಾಯಬೇಕು. ಅಲಾರಂ ಬಂದ ಕೂಡಲೇ ರಿಲೇ ಆ ತಂತಿಯನ್ನು ಕಡಿಯಬೇಕು. ಬಹಳ ಕಡೆ ಮಾಡುವುದು ಬೇರೆ. ಪ್ಯಾನೆಲ್ಲಿನಿಂದ ಕಾರ್ಡ್ ಕಂಟ್ರೋಲರಿಗೆ ಒಂದು ಸಂಕೇತ ಮಾತ್ರ ಕೊಟ್ಟು, ಬಾಗಿಲು ಬಿಡುವ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿರುತ್ತಾರೆ. ಕಂಟ್ರೋಲರ್ ಹ್ಯಾಂಗ್ ಆಗಿದ್ದರೆ, ಯಾರೋ ಆ ಇನ್‌ಪುಟ್ ಆಫ್ ಮಾಡಿದ್ದರೆ, ಯುಪಿಎಸ್ ಮೇಲೆ ಬೀಗ ಗಟ್ಟಿಯಾಗಿ ಹಿಡಿದೇ ಇರುತ್ತದೆ.

ಶನಿವಾರ ಸಂಜೆ ಹೀಗೆ ನೋಡಿ. ಕಟ್ಟಡದವರಿಗೆ ತಿಳಿಸಿ, ಒಂದು ಕೆಂಪು ಡಬ್ಬಿಯನ್ನು ಕೀಲಿಯಿಂದ ಚಾಲೂ ಮಾಡಿ, ಪ್ರತಿ ಬಾಗಿಲನ್ನೂ ಕಾರ್ಡ್ ಇಲ್ಲದೆ ಕೈಯಿಂದ ತಳ್ಳಿ. ಆಮೇಲೆ ಕಾರ್ಡ್ ಕಂಟ್ರೋಲರಿನ ನೆಟ್‌ವರ್ಕ್ ಕೇಬಲ್ ಕಿತ್ತು ಮತ್ತೊಮ್ಮೆ ಅದನ್ನೇ ಮಾಡಿ. ಎರಡೂ ಸಲ ತೆರೆದರೆ ಸರಿ. ಪ್ರತಿ ಬಾಗಿಲ ಒಳಬದಿಗೆ ಹಸಿರು ತುರ್ತು ಡಬ್ಬಿಯೂ ಇರಬೇಕು, ಅದು ಕೂಡ ಬೀಗದ ವಿದ್ಯುತ್ತನ್ನು ನೇರ ಕಡಿಯುವಂಥದ್ದಾಗಿರಬೇಕು. ಮೆಟ್ಟಿಲ ಬಾಗಿಲಿಗೆ ಕಳ್ಳತನದ ಭಯಕ್ಕೆ ಸರಪಳಿ, ಬೀಗ ಹಾಕಿದ್ದರೆ ಈ ಪತ್ರಿಕೆ ಮಡಿಸಿಟ್ಟು ಮೊದಲು ಅದನ್ನು ತೆಗೆಸಿ. ಅಲಾರಂ ಬಂದು ಜನ ಓಡಿಬಂದು ಬೀಗದ ಮುಂದೆ ನಿಲ್ಲುವುದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಬಸವನಗುಡಿಯಲ್ಲಿ ದರ್ಶಿನಿ ಇದೆ. ಒಗ್ಗರಣೆ ಹಾಕಿದರೂ ಅಲಾರಂ, ಇಡ್ಲಿ ಪಾತ್ರೆ ಮುಚ್ಚಳ ತೆಗೆದರೂ ಅಲಾರಂ. ಹುಡುಗರು ಈಗ ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದಾರೆ.

ಅಡುಗೆಮನೆಗೆ ಹೊಗೆ ಡಿಟೆಕ್ಟರ್ ಹಾಕಿದವರದ್ದು ತಪ್ಪು, ಹುಡುಗರದ್ದಲ್ಲ. ಅದರೊಳಗಿನ ಬೆಳಕಿನ ಕಿರಣಕ್ಕೆ ಎಣ್ಣೆಯ ಹಬೆ, ನೀರಿನ ಆವಿ, ಹೊಗೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಅಲ್ಲಿ ಶಾಖದ ಡಿಟೆಕ್ಟರ್ ಹಾಕಿಸಿ. ಅದರಲ್ಲೂ ಶಾಖ ಏರುವ ವೇಗ ನೋಡುವ ಜಾತಿ ಬೇಡ, ಇಡ್ಲಿ ಆವಿ ಒಮ್ಮೆಗೇ ಎದ್ದಾಗ ಅದೂ ಕೂಗುತ್ತದೆ. ನಿಗದಿತ ಉಷ್ಣತೆ ಮುಟ್ಟಿದಾಗ ಮಾತ್ರ ಎಚ್ಚರಿಸುವುದು ಬೇಕು. ಒಲೆಯ ಮೇಲಿನ ಸೂರು ದಿನವೂ ಎಷ್ಟು ಬಿಸಿಯಾಗುತ್ತದೆ ಎಂದು ಮಧ್ಯಾಹ್ನದ ಗಿರಾಕಿ ಹೊತ್ತಿನಲ್ಲಿ ಅಳೆದು, ಅದಕ್ಕಿಂತ ಸಾಕಷ್ಟು ಮೇಲಿನ ಶ್ರೇಣಿಯದನ್ನು ಆರಿಸಿ. ಕವರ್ ಇವತ್ತೇ ತೆಗೆಸಿ. ಗ್ರಾಹಕರು ನಿಲ್ಲುವ ಜಾಗ, ಸ್ಟೋರು, ಮೀಟರ್ ಬೋರ್ಡಿನ ಕಡೆ ಹೊಗೆಯದೇ ಇರಲಿ.

ಗ್ಯಾಸ್ ಡಿಟೆಕ್ಟರ್ ಬೇರೆಯೇ ವಸ್ತು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಿಯುತ್ತದೆ. ಆದ್ದರಿಂದ ನೆಲದಿಂದ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಹಾಕಬೇಕು, ಆದರೆ ತೊಳೆಯುವ ನೀರು ಸಿಡಿಯದ ಕಡೆ. ನಿಮ್ಮ ರಸ್ತೆಗೆ ಪೈಪಿನ ಗ್ಯಾಸ್ ಬಂದು ಅದಕ್ಕೆ ಬದಲಾಯಿಸಿಕೊಂಡರೆ ಲೆಕ್ಕ ತಲೆಕೆಳಗು: ಅದು ಹಗುರವಾದ ಮೀಥೇನ್, ಡಿಟೆಕ್ಟರ್ ಸೂರಿನ ಹತ್ತಿರ ಇರಬೇಕು. ಎಲ್‌ಪಿಜಿಯದನ್ನೇ ಕಿತ್ತು ಮೇಲೆ ಹಾಕಿದರೆ ಸಾಲದು, ಮೀಥೇನ್‌ಗೆಂದೇ ಸರಿಹೊಂದಿಸಿದ್ದು ಬೇಕು. ಗ್ಯಾಸ್ ಸೋರಿದಾಗ ಲೈನನ್ನು ತಾನೇ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಜೋಡಿಸಿ. ಸಿಲಿಂಡರ್ ದಾಸ್ತಾನು 100 ಕಿಲೋ ಗ್ಯಾಸ್ ಮೀರಿದರೆ ಸ್ಫೋಟಕ ಇಲಾಖೆಯ ಪರವಾನಗಿ ಬೇಕು. 19 ಕಿಲೋದ ಐದು ತುಂಬಿದ ಸಿಲಿಂಡರಿಗೆ 95 ಆಯಿತು, ಆರನೆಯದು ಬಂದರೆ ಮಿತಿ ದಾಟಿತು.

ಪ್ರತಿ ಶುಕ್ರವಾರ ಅಂಗಡಿಯಲ್ಲಿ ಸಾಂಬ್ರಾಣಿ ಹಾಕುತ್ತೇವೆ. ಆಯುಧ ಪೂಜೆಗಂತೂ ಇಡೀ ಕಟ್ಟಡದ ಅಲಾರಂ ಕೂಗಿತು. ಆ ಹೊತ್ತಿಗೆ ಡಿಟೆಕ್ಟರ್ ಬಿಚ್ಚಿಡಬಹುದೇ? (ಜಯನಗರ)

ಬಿಚ್ಚಬೇಡಿ. ಸಾಮಾನ್ಯ ಎರಡು ತಂತಿಯ ಪ್ಯಾನೆಲ್ಲಿನಲ್ಲಿ ಒಂದು ಡಿಟೆಕ್ಟರ್ ಬಿಚ್ಚಿದರೆ ಆ ಸಾಲಿನಲ್ಲಿ ಅದರ ಮುಂದಿನವೆಲ್ಲ ಕಡಿದುಹೋಗುವುದುಂಟು. ಪೂಜೆ ಮುಗಿದ ಮೇಲೆ ಮತ್ತೆ ಹಾಕಲು ಮರೆಯುವುದೂ ಉಂಟು. ಪ್ರತಿ ಡಿಟೆಕ್ಟರನ್ನೂ ಬೇರೆಬೇರೆಯಾಗಿ ಗುರುತಿಸುವ ಅಡ್ರೆಸೆಬಲ್ ಪ್ಯಾನೆಲ್ ಆದರೆ ಆ ಒಂದೇ ಡಿಟೆಕ್ಟರನ್ನು ಪ್ಯಾನೆಲ್ಲಿನಿಂದ ನಿಷ್ಕ್ರಿಯ ಮಾಡಿಸಿ, ಒಬ್ಬರು ಅಲ್ಲೇ ಇದ್ದು, ಹೊಗೆ ಆರಿದ ಕೂಡಲೇ ಮತ್ತೆ ಚಾಲೂ ಮಾಡಿಸಿ, ಸಮಯವನ್ನು ರಿಜಿಸ್ಟರಿನಲ್ಲಿ ಬರೆಯಿರಿ. ದೇವರ ಗೂಡು ಡಿಟೆಕ್ಟರಿನ ಕೆಳಗೇ ಇದ್ದರೆ ಗೂಡನ್ನು ಎರಡು ಮೂರು ಮೀಟರ್ ಸರಿಸುವುದೇ ಶಾಶ್ವತ ಪರಿಹಾರ. ಹೊಗೆ, ಶಾಖ ಎರಡನ್ನೂ ಕೂಡಿಸಿ ನೋಡುವ ಮಲ್ಟಿಸೆನ್ಸರ್ ಕೂಡ ಇಂಥ ಕಡೆ ಒಳ್ಳೆಯದು. ದಿನಾ ಹೊಗೆ ತಿಂದ ಡಿಟೆಕ್ಟರಿನೊಳಗೆ ಜಿಗುಟು ಕಟ್ಟಿ ಅದು ಸುಮ್ಮಸುಮ್ಮನೆ ಕೂಗತೊಡಗುತ್ತದೆ. ಅದಕ್ಕೇ ಊದುಬತ್ತಿ ಹಿಡಿದು ಪರೀಕ್ಷಿಸುವ ಪದ್ಧತಿ ಬಿಟ್ಟು, ಪರೀಕ್ಷೆಗೆಂದೇ ಬರುವ ಸ್ಪ್ರೇ ಬಳಸಬೇಕು.

ಹೊಸದಾಗಿ ಗೋದಾಮು ಸೇರಿಸಿಕೊಂಡೆವು. ಎಲೆಕ್ಟ್ರಿಷಿಯನ್ ಹತ್ತಿರದ ಡಿಟೆಕ್ಟರಿನಿಂದ ತಂತಿ ಎಳೆದು ಎರಡು ಹೊಸದು ಹಾಕಿದ. ಪ್ಯಾನೆಲ್ ಹಸಿರು ತೋರಿಸುತ್ತಿದೆ. ಅಷ್ಟು ಸಾಕೆ? (ರಾಜಾಜಿನಗರ)

ಸಾಕಾಗದು. ಸಾಮಾನ್ಯ ಪ್ಯಾನೆಲ್ಲಿನ ಪ್ರತಿ ಸಾಲಿನ ಕಟ್ಟಕಡೆಯ ಡಿಟೆಕ್ಟರಿನಲ್ಲಿ ಒಂದು ರೆಸಿಸ್ಟರ್ ಇರುತ್ತದೆ, ಎಂಡ್ ಆಫ್ ಲೈನ್ ಎನ್ನುತ್ತಾರೆ. ಪ್ಯಾನೆಲ್ ಸದಾ ಸಣ್ಣ ಕರೆಂಟ್ ಕಳಿಸಿ, ಅದು ಆ ರೆಸಿಸ್ಟರಿನವರೆಗೆ ಹೋಗಿ ಬರುತ್ತಿದೆಯೇ ಎಂದು ನೋಡುತ್ತದೆ. ಎಲ್ಲಾದರೂ ತಂತಿ ತುಂಡಾದರೆ ಹಳದಿ ದೀಪ ಹತ್ತುತ್ತದೆ. ನಿಮ್ಮ ಎಲೆಕ್ಟ್ರಿಷಿಯನ್ ನಡುವಿನಿಂದ ಕೊಂಬೆ ತೆಗೆದಿದ್ದಾನೆ. ಆ ಕೊಂಬೆ ಇವತ್ತು ಕೆಲಸ ಮಾಡಬಹುದು, ಆದರೆ ನಾಳೆ ಇಲಿ ಕಡಿದರೂ ಪ್ಯಾನೆಲ್ ಹಸಿರನ್ನೇ ತೋರಿಸುತ್ತದೆ.

ಸಾಲಿನ ಕೊನೆಯ ಡಿಟೆಕ್ಟರ್ ಹುಡುಕಿ, ಅಲ್ಲಿನ ರೆಸಿಸ್ಟರ್ ತೆಗೆದು, ಅಲ್ಲಿಂದ ಮುಂದಕ್ಕೆ ತಂತಿ ಎಳೆದು, ಹೊಸ ಕೊನೆಯಲ್ಲಿ ಅದನ್ನೇ ಹಾಕಬೇಕು. ರೆಸಿಸ್ಟರಿನ ಓಮ್ ಅಳತೆ ಪ್ಯಾನೆಲ್ಲಿಗೆ ತಕ್ಕಂತೆ ಇರುತ್ತದೆ, ಒಂದಕ್ಕೆ 4.7 ಕಿಲೋ ಓಮ್ ಆದರೆ ಇನ್ನೊಂದಕ್ಕೆ ಬೇರೆ. ಕೈಪಿಡಿ ನೋಡದೆ ಹಾಕಬಾರದು. ಒಂದು ಸಾಲಿಗೆ 20 ಡಿಟೆಕ್ಟರ್ ಮೀರಬಾರದು. ಪರೀಕ್ಷೆ ಸುಲಭ: ಹೊಸ ಎರಡರಲ್ಲಿ ಒಂದರ ತಂತಿ ಬಿಚ್ಚಿ, ಸ್ವಲ್ಪ ಹೊತ್ತಿಗೇ ಹಳದಿ ದೀಪ ಬರಬೇಕು. ಬರದಿದ್ದರೆ ಕೆಲಸ ಮತ್ತೆ ಮಾಡಿಸಿ. ತಂತಿ 1.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ, ಕರೆಂಟ್ ಲೈನಿನ ಪೈಪಿನೊಳಗೇ ತುರುಕಬೇಡಿ. ಮಳೆಗಾಲದಲ್ಲಿ ಮಾತ್ರ ‘ಅರ್ತ್ ಫಾಲ್ಟ್’, ಅಂದರೆ ತಂತಿಯ ಕರೆಂಟ್ ನೆಲಕ್ಕೆ ಸೋರುವ ದೋಷ, ಬರುತ್ತಿದ್ದರೆ ತಾರಸಿ ಅಥವಾ ಗೋಡೆಯ ಹೊರಗಿನ ಜಂಕ್ಷನ್ ಬಾಕ್ಸಿನಲ್ಲಿ ನೀರು ನಿಂತಿದೆ ಎಂದೇ ಹುಡುಕಾಟ ಶುರುಮಾಡಿ.

ಪೀಣ್ಯದ ಗಾರ್ಮೆಂಟ್ ಘಟಕದಲ್ಲಿ 120 ಮಷಿನ್ ಓಡುವಾಗ ಹೂಟರ್ ಕೇಳುವುದಿಲ್ಲ.

ಸಾಮಾನ್ಯ ಜಾಗದಲ್ಲಿ ಹೂಟರ್ ಶಬ್ದ 65 ಡೆಸಿಬಲ್ ಇರಬೇಕು, ಅಥವಾ ಸುತ್ತಲಿನ ಸದ್ದಿಗಿಂತ 5 ಡೆಸಿಬಲ್ ಹೆಚ್ಚು, ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಎಲ್ಲ ಮಷಿನ್ ಓಡುವಾಗ ಡೆಸಿಬಲ್ ಮೀಟರಿನಿಂದ ನಾಲ್ಕು ಮೂಲೆ, ನಡುವೆ ಅಳೆಸಿ. ಒಂದೇ ದೊಡ್ಡ ಹೂಟರ್ ಹಾಕಿದರೆ ಪಕ್ಕದವರ ಕಿವಿ ಹೋಗುತ್ತದೆ, ದೂರದವರಿಗೆ ಕೇಳುವುದಿಲ್ಲ. ನಡುಗಾತ್ರದ ನಾಲ್ಕನ್ನು ಹಂಚಿ ಹಾಕಿಸಿ, ಜೊತೆಗೆ ಮಿನುಗುವ ದೀಪಗಳಿರಲಿ. ನಿಮ್ಮಲ್ಲಿ ಬಟ್ಟೆಯ ನೂಲುಧೂಳು ಹೊಗೆ ಡಿಟೆಕ್ಟರಿನ ಜಾಲರಿ ಮುಚ್ಚುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆಯ ಬದಲು ಮೂರು ತಿಂಗಳಿಗೊಮ್ಮೆ ಶುಚಿ ಮಾಡಿಸುವುದು ಒಳ್ಳೆಯದು.

ನಮ್ಮ ಬಾರ್‌ನ ನಾಲ್ಕೈದು ಹುಡುಗರು ರಾತ್ರಿ ಅಲ್ಲೇ ಮಲಗುತ್ತಾರೆ. ಅವರಿಗಾಗಿ ಏನು ಬೇಕು?

ಮೊದಲಿಗೆ, ಅಲ್ಲಿ ಮಲಗಿಸಬೇಡಿ. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ರಾತ್ರಿ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐವರು ನೌಕರರು ತೀರಿಕೊಂಡರು. ಬೇರೆ ಕೋಣೆ ಸಿಗುವವರೆಗೆ ಅನಿವಾರ್ಯವಾದರೆ, ಮಲಗುವ ಜಾಗಕ್ಕೂ ಹೊರದಾರಿಗೂ ಹೊಗೆ ಡಿಟೆಕ್ಟರ್, ದಿಂಬಿನ ಬಳಿ 75 ಡೆಸಿಬಲ್ ಶಬ್ದ, ಮತ್ತು ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಬಾಗಿಲು, ಈ ಮೂರೂ ಇವತ್ತೇ ಆಗಬೇಕು. ಶಟರನ್ನು ಹೊರಗಿನಿಂದ ಬೀಗ ಹಾಕಿ ಹೋಗುವುದನ್ನು ನಿಲ್ಲಿಸಿ.

ವರ್ಷಕ್ಕೆ ನಾಲ್ಕು ಸಲ ಎಎಂಸಿಯವರು (ವಾರ್ಷಿಕ ನಿರ್ವಹಣೆಯ ಗುತ್ತಿಗೆದಾರರು) ಬಂದು ಸಹಿ ಹಾಕಿ ಹೋಗುತ್ತಾರೆ. ಅವರು ನಿಜವಾಗಿ ಏನು ಮಾಡಬೇಕು? (ಮಲ್ಲೇಶ್ವರ)

ಅವರ ಜೊತೆ ನಿಂತು ಇಷ್ಟು ಕೇಳಿ. ಪ್ಯಾನೆಲ್ಲಿನ ಕರೆಂಟ್ ಆಫ್ ಮಾಡಿ, ಬ್ಯಾಟರಿ ಮೇಲೆ ಎಲ್ಲ ಹೂಟರ್ ಕೂಗಿಸಿ, ಆಗ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು ಎಂದು ಬರೆಯಲಿ. ಹೂಟರ್ ಕೂಗುವಾಗ 24 ವೋಲ್ಟಿನ ಜೋಡಿ 21ರ ಹತ್ತಿರಕ್ಕೆ ಇಳಿದರೆ ಬ್ಯಾಟರಿ ಬದಲಿಸಿ. ಪ್ರತಿ ಭೇಟಿಯಲ್ಲಿ ಡಿಟೆಕ್ಟರುಗಳ ಕಾಲು ಭಾಗಕ್ಕಾದರೂ ಸ್ಪ್ರೇ ಹೊಡೆದು ನೋಡಲಿ, ವರ್ಷದಲ್ಲಿ ಎಲ್ಲವೂ ಆಗುತ್ತವೆ. ಯಾವುದನ್ನು ನೋಡಿದರು ಎಂದು ಸಂಖ್ಯೆ ಸಮೇತ ರಿಜಿಸ್ಟರಿನಲ್ಲಿರಲಿ. ‘ಎಲ್ಲ ಸರಿಯಿದೆ’ ಎಂಬ ಒಂದೇ ಸಾಲಿನ ವರದಿಗೆ ಬಿಲ್ ಪಾಸ್ ಮಾಡಬೇಡಿ.

ವಾರದ ಕೆಲಸ ನಿಮ್ಮದು. ಪ್ರತಿ ಸೋಮವಾರ ಒಂದೇ ಹೊತ್ತಿಗೆ ಒಂದು ಕೆಂಪು ಡಬ್ಬಿ ಕೀಲಿಯಿಂದ ಒತ್ತಿ, ಮುಂದಿನ ವಾರ ಇನ್ನೊಂದು. ಸೈರನ್ ನಿಲ್ಲಿಸುವ ಗುಂಡಿ ಯಾವುದು, ರೀಸೆಟ್ ಯಾವುದು ಎಂದು ಸೆಕ್ಯುರಿಟಿಯವರಿಗೆ ಕಲಿಸಿ. ಅವರಲ್ಲಿ ಬಹಳ ಜನಕ್ಕೆ ಹೇಳಿಕೊಟ್ಟಿರುವುದು ಶಬ್ದ ಬಂದರೆ ನಿಲ್ಲಿಸು ಎಂದಷ್ಟೇ. ಅಲಾರಂ ಬಂದರೆ ಮೊದಲು ಯಾವ ಸಾಲು ಎಂದು ಓದುವುದು, ಒಬ್ಬರು ಹೋಗಿ ನೋಡುವುದು, ಹೊಗೆ ಕಂಡರೆ 101 ಅಥವಾ 112ಕ್ಕೆ ಕರೆ ಮಾಡಿ ರಸ್ತೆ, ಕ್ರಾಸ್, ಹತ್ತಿರದ ಗುರುತು ಹೇಳುವುದು, ಇಷ್ಟನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ಪ್ಯಾನೆಲ್ ಪಕ್ಕ ಅಂಟಿಸಿ. ರಾತ್ರಿ ಪಾಳಿಯವರು ಬದಲಾದಾಗಲೆಲ್ಲ ಒಮ್ಮೆ ಓದಿಸಿ.